ಇಪ್ಪತ್ತು ವರ್ಷ ಕಾದ ಎಡಗೈ ಬೇಸ್, ಸಿಕ್ಕಿದ ದಿನ ಬರೀ ಬೇಸರ

ಮಂದ್ರಸ್ಥಾಯಿ
ನಮಸ್ಕಾರ ಎಲ್ಲರಿಗೂ. ಇದು ದೂರೋ ಪ್ರಶ್ನೆಯೋ ನನಗೇ ಗೊತ್ತಿಲ್ಲ. ಓದಿ ನೀವೇ ಹೇಳಿ.

ನಾನು ಎಡಚ. 2004ರಲ್ಲಿ ತುಮಕೂರಿನಲ್ಲಿ ಕಾಲೇಜಿಗೆ ಹೋಗುವಾಗ ಮಂದ್ರ ಸ್ವರದ ಬೇಸ್ ಗಿಟಾರ್ ಹಿಡಿದೆ. ಎಡಗೈಯದ್ದು ಇದೆಯಾ ಅಂತ ಕೇಳಿದರೆ ಅಂಗಡಿಯವರು ನಗುತ್ತಿದ್ದರು. "ಬಲಗೈಯದ್ದೇ ತಗೊಂಡು ತಿರುಗಿಸ್ಕೊಳ್ಳಿ" ಅಂದರು. ಹಾಗೇ ಮಾಡಿದೆ. ತಂತಿ ಹಿಂದುಮುಂದು ಮಾಡಿ ಹಾಕಿದೆ, ನಟ್ (ತಲೆಯ ಹತ್ತಿರ ತಂತಿ ಕೂರುವ ಪಟ್ಟಿ) ಹೊಸದು ಕೆತ್ತಿಸಿದೆ, ಒಡಲಿನಿಂದ ಚಾಚಿದ ಗಿಡ್ಡ ಕೊಂಬಿಗೆ ಸ್ಟ್ರಾಪ್ ಗುಂಡಿ ಹೊಡೆಸಿದೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಎಲ್ಲ ಅದರಲ್ಲೇ ಆಯಿತು. ವಾಲ್ಯೂಮ್ ನಾಬು ಮೇಲೆ ಬಂದು ಎಡ ಮುಂಗೈಗೆ ಸಿಗುತ್ತಿತ್ತು. ನುಡಿಸುತ್ತಾ ನುಡಿಸುತ್ತಾ ಸದ್ದು ತಾನಾಗಿ ಇಳಿದುಹೋಗುತ್ತಿತ್ತು. ಸೆಲ್ಲೋಟೇಪ್ ಸುತ್ತಿದೆ. ಆ ಟೇಪ್ ಇವತ್ತಿಗೂ ಇದೆ.

ಆದರೆ ಮನಸ್ಸಿನಲ್ಲಿ ಇದ್ದದ್ದು ಬೇರೆ. ಪಿಟೀಲಿನ ಆಕಾರದ ಬೇಸ್. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹಿಡಿದಿರುತ್ತಾರಲ್ಲ, ಅದು. ಅವರೂ ಎಡಚರೇ. ಪತ್ರಿಕೆಯಿಂದ ಆ ಚಿತ್ರ ಕತ್ತರಿಸಿ ಹಾಸ್ಟೆಲ್ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ.

ಕಳೆದ ಶನಿವಾರ ಬೆಂಗಳೂರಿನ ಒಂದು ಅಂಗಡಿಯಲ್ಲಿ ಎಡಗೈಯದ್ದೇ ಸಿಕ್ಕಿತು. ತಿರುಗಿಸಿದ್ದಲ್ಲ, ಹುಟ್ಟಿನಿಂದಲೇ ಎಡಗೈ. (ಕಂಪನಿ ಕೇಳಬೇಡಿ. ಈ ಆಕಾರವನ್ನು ಬೇಕಾದಷ್ಟು ಜನ ಮಾಡುತ್ತಾರೆ.) 62 ಸಾವಿರ. ದುಡ್ಡು ಕೂಡಿಟ್ಟಿದ್ದೆ. ನಲವತ್ತು ನಿಮಿಷ ನುಡಿಸಿದೆ.

ಏನೂ ಆಗಲಿಲ್ಲ. ಸದ್ದು ಕಂಬಳಿ ಹೊದ್ದುಕೊಂಡ ಹಾಗೆ. ತಂತಿ ರಬ್ಬರಿನ ಹಾಗೆ. ಬೆರಳು ಪ್ರತಿ ಸಲ ಜಾಗ ದಾಟಿ ಬೀಳುತ್ತಿತ್ತು. ವಾಲ್ಯೂಮ್ ಒಂಚೂರು ತಿರುಗಿಸಿದರೆ ದಡಕ್ಕನೆ ಪೂರ್ತಿ ಬರುತ್ತಿತ್ತು, ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟೇ. ಅಂಗಡಿ ಹುಡುಗ "ಹೇಗಿದೆ ಸರ್" ಅಂದ. "ಚೆನ್ನಾಗಿದೆ" ಅಂತ ಸುಳ್ಳು ಹೇಳಿ ಹೊರಗೆ ಬಂದು ಕಾಫಿ ಕುಡಿದೆ.

ತೊಂದರೆ ಬೇಸ್‌ನದ್ದಾ, ನನ್ನದಾ? ತಗೊಳ್ಳಲಾ, ಬಿಡಲಾ?

ರಾಗಿಮುದ್ದೆ_ರಾಕ್
ಬೇಸ್ ತರಲು ಹೋಗಿ ಬೇಸರ ತಂದಿರಿ. ಹೇಳದೆ ಇರಲು ಆಗಲಿಲ್ಲ, ಕ್ಷಮಿಸಿ.

ಕರಾವಳಿ_ಕೀಬೋರ್ಡ್
ದೂರದ ಬೆಟ್ಟ ನುಣ್ಣಗೆ ಮಾರಾಯ್ರೆ.

ರಾಗಿಮುದ್ದೆ_ರಾಕ್
ಈ ಗಾದೆ ಬರಲು ಎಷ್ಟು ಹೊತ್ತಾಗುತ್ತೆ ಅಂತ ಕಾಯುತ್ತಿದ್ದೆ. ಎರಡನೇ ಉತ್ತರಕ್ಕೇ ಬಂತು.

ಅಳತೆಪಟ್ಟಿ
ಬೆರಳು ಜಾಗ ದಾಟಿ ಬೀಳುವುದಕ್ಕೆ ಕಾರಣ ಸುಲಭ. ನಿಮ್ಮ ಹಳೆಯದು ಮಾಮೂಲಿ ಉದ್ದದ್ದು ಅಂದುಕೊಳ್ಳುತ್ತೇನೆ. ಅಂದರೆ ನಟ್‌ನಿಂದ, ತಂತಿಯ ಇನ್ನೊಂದು ತುದಿ ಕೂರುವ ಬ್ರಿಡ್ಜ್‌ವರೆಗೆ 34 ಇಂಚು. 1951ರಲ್ಲಿ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದಾಗಿನಿಂದ ಅದೇ ರೂಢಿ. ಪಿಟೀಲು ಆಕಾರದವು ಸಾಮಾನ್ಯವಾಗಿ 30 ಇಂಚು.

ನಾಲ್ಕು ಇಂಚು ತಾನೇ ಅನ್ನಬೇಡಿ. 34 ಇಂಚಿನದರಲ್ಲಿ ಮೊದಲ ಫ್ರೆಟ್ (ಬೆರಳು ಒತ್ತುವ ಜಾಗದ ಅಡ್ಡಪಟ್ಟಿ) ನಟ್‌ನಿಂದ ಸುಮಾರು 48 ಮಿಲಿಮೀಟರ್ ದೂರ. 30 ಇಂಚಿನದರಲ್ಲಿ 43. ಐದನೇ ಫ್ರೆಟ್ ಹೊತ್ತಿಗೆ ವ್ಯತ್ಯಾಸ ಪೂರ್ತಿ ಒಂದು ಇಂಚು. ನಿಮ್ಮ ಬಲಗೈ ಇಪ್ಪತ್ತು ವರ್ಷದಿಂದ ಒಂದು ಮನೆಯ ಮೆಟ್ಟಿಲು ಹತ್ತಿದೆ. ಇದು ಬೇರೆ ಮನೆ, ಕತ್ತಲಲ್ಲಿ ಹತ್ತಿದ್ದೀರಿ.

ರಬ್ಬರ್ ಕಥೆಯೂ ಅದೇ. ಅದೇ ದಪ್ಪದ ತಂತಿಯನ್ನು ಅದೇ ಸ್ವರಕ್ಕೆ ಕೂರಿಸಿದರೆ 30 ಇಂಚಿನದರಲ್ಲಿ ಎಳೆತ ಸುಮಾರು ಶೇ 22 ಕಮ್ಮಿ. ಸಡಿಲ ಅನ್ನಿಸಲೇಬೇಕು.

ಮಂದ್ರಸ್ಥಾಯಿ
ಹೌದು, ಹಳೆಯದು 34. ಗಿಡ್ಡ ಅಂತ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕೈಗೆ ತಿಳಿಯುವುದು ಬೇರೆ ಅಲ್ವಾ.

ಸ್ಟ್ರಾಪ್_ಶಂಕರ
ನೆಕ್, ಅಂದರೆ ಕೊರಳು, ಕೆಳಗೆ ಬೀಳುತ್ತಿತ್ತಾ? ಪಿಟೀಲು ಆಕಾರಕ್ಕೆ ಮೇಲಿನ ಕೊಂಬೇ ಇಲ್ಲ. ಸ್ಟ್ರಾಪ್ ಕೊರಳಿನ ಬುಡಕ್ಕೆ ಸಿಕ್ಕಿಸಬೇಕು. ಒಳಗೆ ಟೊಳ್ಳು, ಹಗುರ. ತಲೆಯಲ್ಲಿ ನಾಲ್ಕು ಬಿರಡೆ ತೂಕ. ಕೈ ಬಿಟ್ಟರೆ ತಲೆ ನೆಲಕ್ಕೆ. ಆ ಕೈ ನೆಕ್ ಹೊರುತ್ತಾ ಇದ್ದರೆ ನುಡಿಸುವುದು ಯಾವಾಗ? ನನ್ನ ಪ್ರಕಾರ ಇದೇ ಮೂಲ ಕಾರಣ.

ಮಂದ್ರಸ್ಥಾಯಿ
ಇಲ್ಲ ಸರ್. ಬಲಗೈ ಬೇಸ್ ತಿರುಗಿಸಿದಾಗ ಉದ್ದ ಕೊಂಬು ಕೆಳಗೆ ಹೋಗುತ್ತೆ, ಸ್ಟ್ರಾಪ್ ಗಿಡ್ಡ ಕೊಂಬಿಗೆ. ನಾನು ಇಪ್ಪತ್ತು ವರ್ಷದಿಂದ ಬೀಳುವ ನೆಕ್ ಹೊತ್ತವನು. ಇದು ಅದರ ಮುಂದೆ ಹತ್ತಿ. ನನಗೆ ನಿಜವಾಗಿ ಕಾಡಿದ್ದು ಇನ್ನೊಂದು. ತಿರುಗಿಸಿದ ಬೇಸ್‌ನಲ್ಲಿ ಆ ಉದ್ದ ಕೊಂಬು ಅಡ್ಡ ಬರುತ್ತೆ, ಹಾಗಾಗಿ ಹನ್ನೆರಡನೇ ಫ್ರೆಟ್ ಆಚೆ ನಾನು ಹೋದವನೇ ಅಲ್ಲ. ಈ ಹೊಸದರಲ್ಲಿ ಕೈ ಸಲೀಸಾಗಿ ಆಚೆ ಹೋಯಿತು. ಹೋಗಿ ಏನು ಮಾಡಲಿ? ಜಾಗ ಇದೆ, ನನ್ನ ಹತ್ತಿರ ಅಲ್ಲಿ ನುಡಿಸಲು ಏನೂ ಇಲ್ಲ.

ಎಡಚಿ_ಅಂದ್ರೆ_ಎಡಚಿ
ಅಣ್ಣ, ಈ ಮೇಲಿನ ಸಾಲು ಓದಿ ಹೊಟ್ಟೆಯಲ್ಲಿ ಏನೋ ಆಯಿತು. ನಾನೂ ಎಡಚಿ, ಸಾಧಾರಣ ಗಿಟಾರ್. ಎಡಗೈ ಕತ್ತರಿ ಮೊದಲ ಸಲ ಹಿಡಿದಾಗ ಹೀಗೇ ಆಗಿತ್ತು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಅಲಗನ್ನು ಓರೆ ಒತ್ತಿ ಕತ್ತರಿಸುವುದು ಅಭ್ಯಾಸ ಆಗಿಬಿಟ್ಟಿತ್ತು. ಸರಿಯಾದ ಕತ್ತರಿಯಲ್ಲಿ ಬಟ್ಟೆ ಹರಿದುಹೋಯಿತು. ಎರಡು ವಾರ ಬೇಕಾಯಿತು.

ಬಲಗೈ_ಬಂಟ
ಯಾರಿಗೂ ಇಷ್ಟ ಆಗದ ಮಾತು ಹೇಳುತ್ತೇನೆ. ಎಡಚರು ಬಲಗೈ ವಾದ್ಯವನ್ನೇ ಬಲಗೈ ಥರಾನೇ ಕಲಿಯಬೇಕು. ಫ್ರೆಟ್ ಒತ್ತುವ ಸೂಕ್ಷ್ಮ ಕೆಲಸ ಎಡಗೈಗೆ ಬರುತ್ತೆ, ನಿಮಗೇ ಲಾಭ. ಮಾರ್ಕ್ ನಾಫ್ಲರ್ ಎಡಚ, ಗ್ಯಾರಿ ಮೂರ್ ಎಡಚ. ಇಬ್ಬರೂ ಬಲಗೈ ಗಿಟಾರ್‌ನಲ್ಲೇ ನುಡಿಸಿದವರು. ಈ ಎಡಗೈ ವಾದ್ಯ ಹುಡುಕುವ ಒದ್ದಾಟವೇ ಇರುತ್ತಿರಲಿಲ್ಲ.

ಎಡಚಿ_ಅಂದ್ರೆ_ಎಡಚಿ
ಒತ್ತುವುದು ಅಷ್ಟೊಂದು ಸೂಕ್ಷ್ಮ ಆಗಿದ್ದರೆ ಬಲಗೈಯವರು ಯಾಕೆ ಬಲಗೈಯಲ್ಲಿ ಒತ್ತಲ್ಲ? ತಾಳ ಇರುವುದು ಮೀಟುವ ಕೈಯಲ್ಲಿ. ಅದಕ್ಕೇ ಒಳ್ಳೇ ಕೈ ಅಲ್ಲಿಗೆ. ನಿಮಗೆ ಆ ಸೌಕರ್ಯ, ನಮಗೆ ಉಪದೇಶ.

ಬಲಗೈ_ಬಂಟ
ಉಪದೇಶ ಅಲ್ಲ ಅಕ್ಕ, ಅನುಕೂಲದ ಮಾತು.

ಎಡಚಿ_ಅಂದ್ರೆ_ಎಡಚಿ
ಒಂದನೇ ಕ್ಲಾಸಿನಲ್ಲಿ ಮೇಷ್ಟ್ರೂ ಇದನ್ನೇ ಹೇಳಿ ಸ್ಲೇಟು ಬಲಗೈಗೆ ಕೊಟ್ಟಿದ್ದರು. ಅನುಕೂಲ ಅಂತಲೇ.

ಹುಬ್ಬಳ್ಳಿ_ಹವಾ
ನಮ್ಮ ಕಡೆ ರೊಡ್ಡ ಅಂತ ಕರೀತಾರ್ರೀ. ಅಂಗಡಿಯಲ್ಲಿ ಎಡಗೈಯಲ್ಲಿ ರೊಕ್ಕ ಕೊಟ್ಟರೆ ಇವತ್ತಿಗೂ ತಗೊಳ್ಳಲ್ಲ. ಬೆಳಿಗ್ಗೆ ಬೋಣಿಗೆ ಹೊತ್ತಾದರೆ ಮುಗಿದೇ ಹೋಯಿತು. ಜಗತ್ತಿನಲ್ಲಿ ಹತ್ತರಲ್ಲಿ ಒಬ್ಬರು ನಮ್ಮವರು, ಆದರೂ ಹೀಗೆ.

ಮದ್ದಲೆ_ಮನೆ
ಮೃದಂಗದಲ್ಲಿ ಈ ತಾಪತ್ರಯ ಕಮ್ಮಿ. ವಾದ್ಯ ಅದೇ, ತಿರುಗಿಸಿ ಇಟ್ಟುಕೊಂಡರೆ ಆಯಿತು. ಪಳನಿ ಸುಬ್ರಮಣ್ಯ ಪಿಳ್ಳೆ ಎಡಗೈಯವರು, ಅವರ ಹೆಸರು ಹೇಳಿದರೆ ಇವತ್ತೂ ವಿದ್ವಾಂಸರು ಕಿವಿ ಮುಟ್ಟಿಕೊಳ್ಳುತ್ತಾರೆ. ತೊಂದರೆ ಬರುವುದು ಕೂರುವ ಜಾಗದಲ್ಲಿ. ಸಾಮಾನ್ಯವಾಗಿ ಹಾಡುವವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಎಡಗೈಯವರು ಬಂದರೆ ಅದಲುಬದಲು. ಕೆಲವರಿಗೆ ಅಷ್ಟಕ್ಕೇ ಮುಖ ಸೊಟ್ಟ ಆಗುತ್ತೆ.

ವೀಣೆ ಆದರೆ ಕಷ್ಟ. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಪಕ್ಕಕ್ಕೆ ಮೂರು ತಾಳದ ತಂತಿ. ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ಹೊಸದಾಗಿ ಮಾಡಬೇಕು. ಕೊಳಲಿಗೆ ಮಾತ್ರ ಎಡ ಬಲ ಭೇದ ಇಲ್ಲ.

ಕರಾವಳಿ_ಕೀಬೋರ್ಡ್
ಕೀಬೋರ್ಡಿಗೂ ಇಲ್ಲ. ಎಲ್ಲರಿಗೂ ಸಮಾನ ಕಷ್ಟ.

ಹ್ಯಾಂಬರ್ಗ್_ಕನ್ನಡಿಗ
ಇತಿಹಾಸ ಕೇಳದಿದ್ದರೂ ಹೇಳುತ್ತೇನೆ, ಇರುವ ಊರು ಅಂಥದ್ದು. ಮೆಕಾರ್ಟ್ನಿ ಆ ಪಿಟೀಲು ಆಕಾರದ ಹಾಫ್ನರ್ 500/1 ಬೇಸ್ ಕೊಂಡದ್ದು ಇಲ್ಲೇ ಹ್ಯಾಂಬರ್ಗ್‌ನಲ್ಲಿ, 1961ರಲ್ಲಿ. ಸುಮಾರು 30 ಪೌಂಡ್. ಫೆಂಡರ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಎರಡೂ ಕಡೆ ಒಂದೇ ಥರ ಇರುವ ಆಕಾರ, ಎಡಗೈಯಲ್ಲಿ ಹಿಡಿದರೂ ವಿಚಿತ್ರ ಕಾಣಲ್ಲ ಅಂತ ತಗೊಂಡರು. ಅಂದರೆ ನೋಡಿ, ಅವರಿಗೂ ಅದು ಕನಸಿನ ಬೇಸ್ ಅಲ್ಲ. ಜೇಬಿಗೆ ಹೊಂದಿದ್ದು, ನೋಡಲು ಸರಿ ಇದ್ದದ್ದು. ಕನಸು ಕಂಡವರು ಆಮೇಲೆ ಬಂದ ನಾವು.

ಬಳೇಪೇಟೆ_ಹುಡುಗ
ಅವರು ತಂತಿ ಬದಲಾಯಿಸದೆ ಬಲಗೈ ಬೇಸನ್ನೇ ತಲೆಕೆಳಗು ನುಡಿಸುತ್ತಾರೆ ಅಂತ ಕೇಳಿದ್ದೆ?

ಹ್ಯಾಂಬರ್ಗ್_ಕನ್ನಡಿಗ
ಇಲ್ಲ, ಅದು ಸ್ವಲ್ಪ ದಿನದ ಕಥೆ. ಆಗ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್. ತನ್ನ ಬೇಸ್ ಎರವಲು ಕೊಟ್ಟ, ತಂತಿ ಮುಟ್ಟಬಾರದು ಅಂದ. ಹಾಗಾಗಿ ತಲೆಕೆಳಗು. ತಮ್ಮದೇ ಆದದ್ದು ಬಂದಾಗ ಅದು ಎಡಗೈಯದ್ದು. ಜೀವನಪೂರ್ತಿ ಹಾಗೆ ತಲೆಕೆಳಗು ನುಡಿಸಿದವರು ಬೇಕೆಂದರೆ ಮೊದಲು ಯೆಲ್ಲೋಜಾಕೆಟ್ಸ್ ಜಾಝ್ ತಂಡದಲ್ಲಿದ್ದ ಜಿಮ್ಮಿ ಹ್ಯಾಸ್ಲಿಪ್ ಇದ್ದಾರೆ. ದಪ್ಪ ತಂತಿ ಕೆಳಗೆ, ಸಣ್ಣದು ಮೇಲೆ. ನೋಡಿದರೆ ನಮ್ಮ ತಲೆ ತಿರುಗುತ್ತೆ.

ಇನ್ನೊಂದು. ಆ 1961ರ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿತ್ತು. 2024ರ ಫೆಬ್ರುವರಿಯಲ್ಲಿ ಸಿಕ್ಕಿದ ಸುದ್ದಿ ಹೊರಬಂತು. ಐವತ್ತು ವರ್ಷ. ನಿಮ್ಮದು ಇಪ್ಪತ್ತೇ.

ಮಂದ್ರಸ್ಥಾಯಿ
ಆ ಸುದ್ದಿ ಓದಿದ ದಿನವೇ ದುಡ್ಡು ಕೂಡಿಡಲು ಶುರು ಮಾಡಿದ್ದು. ನಗಬೇಡಿ.

ಸೋಲ್ಡರ್_ಸುಬ್ಬ
ಎಲ್ಲರೂ ಮನಸ್ಸಿನ ವಿಚಾರ ಹೇಳುತ್ತಿದ್ದೀರಿ. ನಾನು ವೈರಿನ ವಿಚಾರ ಹೇಳುತ್ತೇನೆ.

ಒಂದು: ವಾಲ್ಯೂಮ್ ದಡಕ್ಕನೆ ಬರುತ್ತೆ ಅಂದಿರಿ. ಬಲಗೈಗೆ ಮಾಡಿದ ಲಾಗ್ ಪಾಟ್ (ನಾಬಿನ ಕೆಳಗೆ ಸದ್ದು ಏರಿಸಿ ಇಳಿಸುವ ಬಿಡಿಭಾಗ) ಹಾಕಿ, ಎಡಗೈಗೆ ಅಂತ ಆಚೀಚೆ ವೈರು ಮಾತ್ರ ಅದಲುಬದಲು ಮಾಡಿದ್ದಾರೆ. ಲಾಗ್ ಪಾಟ್ ಅರ್ಧ ತಿರುಗಿಸಿದರೆ ನೂರರಲ್ಲಿ ಹತ್ತು ಹದಿನೈದು ಪಾಲು ಮಾತ್ರ ಬಿಡಬೇಕು, ಆಗ ಕಿವಿಗೆ ನಿಧಾನವಾಗಿ ಏರಿದ ಹಾಗೆ ಕೇಳುತ್ತೆ. ಉಲ್ಟಾ ಹಾಕಿದರೆ ಅರ್ಧಕ್ಕೇ ಎಂಬತ್ತೈದು ತೊಂಬತ್ತು ಪಾಲು ಬಂದುಬಿಡುತ್ತೆ. ಇದಕ್ಕೆ ಉಲ್ಟಾ ಲಾಗ್ ಪಾಟ್ ಬೇಕು. ಪಾಟಿನ ಮೇಲೆ ಎ ಅಂತ ಇದ್ದರೆ ಸಾಮಾನ್ಯವಾಗಿ ಲಾಗ್, ಬಿ ಲೀನಿಯರ್ (ಸಮವಾಗಿ ಏರುವುದು), ಸಿ ಉಲ್ಟಾ ಲಾಗ್. ಎಸ್.ಪಿ. ರೋಡಿನಲ್ಲಿ ಬಿ ಎಲ್ಲೆಂದರಲ್ಲಿ ಸಿಗುತ್ತೆ, ಸಿ ಹುಡುಕಬೇಕು. ಸಿಗದಿದ್ದರೆ ಬಿ ಹಾಕಿ, ಎಷ್ಟೋ ಪರವಾಗಿಲ್ಲ.

ಎರಡು, ಇದು ಮುಖ್ಯ. ಆ ಆಕಾರದ ಬೇಸ್‌ನಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತೆ, ಎರಡು ನಾಬು, ಮೂರು ಜಾರುವ ಸ್ವಿಚ್. ಅದರಲ್ಲಿ ಒಂದು ರಿದಮ್/ಸೋಲೋ. ರಿದಮ್ ಕಡೆ ಇಟ್ಟರೆ ಸದ್ದು ಕಮ್ಮಿ ಆಗುತ್ತೆ. ನೀವು ಯಾವ ಕಡೆ ಇಟ್ಟಿದ್ದಿರಿ?

ಮಂದ್ರಸ್ಥಾಯಿ
...

ಸೋಲ್ಡರ್_ಸುಬ್ಬ
ಸರ್?

ಮಂದ್ರಸ್ಥಾಯಿ
ಮುಟ್ಟಲಿಲ್ಲ. ಮೂರು ಸ್ವಿಚ್ ಇದ್ದವು. ಇನ್ನೂ ನನ್ನದಲ್ಲದ ವಸ್ತು, ಕೆಡಿಸಿಬಿಟ್ಟರೆ ಅಂತ ಸುಮ್ಮನಿದ್ದೆ. ಜೊತೆಗೆ ನಾನು ಬೇಸ್ ವಾದಕ, ರಿದಮ್ ಅಂದರೆ ನಮ್ಮದೇ ಅಂದುಕೊಂಡೆ.

ರಾಗಿಮುದ್ದೆ_ರಾಕ್
ಇಪ್ಪತ್ತು ವರ್ಷ ಕಾದು, ಸ್ವಿಚ್ ಹಾಕಲಿಲ್ಲ. ಇವತ್ತು ನಿದ್ದೆ ಬರಲ್ಲ ನನಗೆ.

ಅಳತೆಪಟ್ಟಿ
ಆಂಪ್ (ಆಂಪ್ಲಿಫೈಯರ್) ಯಾವುದಿತ್ತು? ಬೇಸ್‌ನ ದಪ್ಪ ತಂತಿ 41 ಹರ್ಟ್ಸ್. ಪುಟ್ಟ ಗಿಟಾರ್ ಆಂಪ್ ಆದರೆ ಅದು ಕೆಮ್ಮುತ್ತೆ ಅಷ್ಟೇ.

ಮಂದ್ರಸ್ಥಾಯಿ
ಗಿಟಾರ್ ಆಂಪೇ. ಬೇಸ್ ಆಂಪಿನ ಮೇಲೆ ಡ್ರಮ್ ಪೆಟ್ಟಿಗೆಗಳು ಪೇರಿಸಿದ್ದರು. ಇಳಿಸಿ ಅನ್ನಲು ಸಂಕೋಚ ಆಯಿತು.

ಎಡಚಿ_ಅಂದ್ರೆ_ಎಡಚಿ
ಅಣ್ಣ, ಬೈಯುತ್ತೇನೆ ಅಂದುಕೊಳ್ಳಬೇಡಿ. ನಾವು ಎಡಚರು ಅಂಗಡಿಗೆ ಹೋದರೆ ಹೀಗೇ. "ಇದೆಯಾ" ಅಂತ ಕೇಳುವುದೇ ಉಪಕಾರ ಕೇಳಿದ ಹಾಗೆ. ಇದ್ದರೆ ಅಷ್ಟಕ್ಕೇ ಕೃತಜ್ಞತೆ. ಆಂಪ್ ಇಳಿಸಿ, ತಂತಿ ಬದಲಿಸಿ, ಸ್ವಿಚ್ ಏನು ಅಂತ ಕೇಳಲು ಬಾಯೇ ಬರಲ್ಲ. ಬಲಗೈಯವರಾದರೆ ಗೋಡೆಯ ಮೇಲಿರುವ ಹದಿನೈದನ್ನೂ ಇಳಿಸಿ ನೋಡಿ, ಒಂದೂ ತಗೊಳ್ಳದೆ ಬರುತ್ತಾರೆ. ಮತ್ತೆ ಹೋಗಿ.

ಬಲಗೈ_ಬಂಟ
ಈ ಮಾತು ಒಪ್ಪಿದೆ. ಹೋದ ತಿಂಗಳು ನಾನು ಒಂಬತ್ತು ಇಳಿಸಿದ್ದೆ. ಒಂದು ಪಿಕ್ ಕೊಂಡು ಬಂದೆ.

ಬಳೇಪೇಟೆ_ಹುಡುಗ
ಹೋಗುವಾಗ ಫ್ಲಾಟ್‌ವೌಂಡ್ ತಂತಿ ಒಂದು ಸೆಟ್ ಒಯ್ಯಿರಿ, 30 ಇಂಚಿನದ್ದೇ. ಅಂಗಡಿಯಲ್ಲಿ ಹಾಕಿರುವುದು ಸಣ್ಣ ರೌಂಡ್‌ವೌಂಡ್ (ಮೇಲ್ಮೈ ಒರಟಾದದ್ದು) ಇರಬೇಕು. ಈ ಬೇಸ್‌ಗೆ ನಯವಾದ, ಬಿಗಿ ತಂತಿಯೇ ಸರಿ. ತಂತಿ ಬದಲಿಸಲು ಬಿಡಲ್ಲ ಅಂದರೆ ಬೇರೆ ಮಾತು.

ಹುಬ್ಬಳ್ಳಿ_ಹವಾ
ಮತ್ತೆ ಎಡಮಗ್ಗುಲಲ್ಲಿ ಎದ್ದು ಹೋಗಬೇಡಿ. ಅಥವಾ ನಿಮಗೆ ಅದೇ ಸರಿಯೋ ಏನೋ.

ಉಸ್ತುವಾರಿ
ಎಡಗೈಯಲ್ಲಿ ಊಟ ಮಾಡುವುದು ಸರಿಯೋ ತಪ್ಪೋ ಅನ್ನುವ ಹನ್ನೊಂದು ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ಅಲ್ಲಿ ಜಗಳ ಮುಂದುವರಿಸಿ.

ಮಂದ್ರಸ್ಥಾಯಿ
ಹೋಗಿ ಬಂದೆ. ಈ ಸಲ ನನ್ನ ಕೇಬಲ್, ನನ್ನ ಸ್ಟ್ರಾಪ್, ಜೊತೆಗೆ ತಂತಿ ಸೆಟ್. ಡ್ರಮ್ ಪೆಟ್ಟಿಗೆ ಇಳಿಸಿ ಅಂದೆ. ಹುಡುಗ ಇಳಿಸಿದ, ಏನೂ ಅನ್ನಲಿಲ್ಲ. ಇಷ್ಟೇನಾ ಅನ್ನಿಸಿತು.

ಮೂರನೇ ಸ್ವಿಚ್ ರಿದಮ್ ಕಡೆಯೇ ಇತ್ತು. ಸುಬ್ಬ ಅವರೇ, ನಿಮಗೆ ಒಂದು ಮಸಾಲೆ ದೋಸೆ ಬಾಕಿ. ಸೋಲೋ ಕಡೆ ತಳ್ಳಿದೆ. ಸದ್ದು ಎದ್ದು ಕೂತಿತು. ಫ್ಲಾಟ್‌ವೌಂಡ್ ಹಾಕಲು ಬಿಟ್ಟರು. ಆಮೇಲೆ ದುಂಡಗೆ, ಮರದ ಒಳಗಿನಿಂದ ಬಂದ ಹಾಗೆ ಸ್ವರ. ಟ್ರಂಕಿನ ಮುಚ್ಚಳದಲ್ಲಿ ನಾನು ಕೇಳುತ್ತಿದ್ದದ್ದು ಅದೇ.

ಒಂದೂವರೆ ಗಂಟೆ ನುಡಿಸಿದೆ. ವಾಲ್ಯೂಮ್ ಹಾಗೇ ಇದೆ, ಪಾಟ್ ಬದಲಿಸಬೇಕು. ಬೆರಳು ಸ್ವಲ್ಪ ಸ್ವಲ್ಪ ಜಾಗ ಕಲಿಯಿತು.

ತಗೊಳ್ಳಲಿಲ್ಲ.

ರಾಗಿಮುದ್ದೆ_ರಾಕ್
ಏನ್ ಗುರು ಇದು!!

ಸ್ಟ್ರಾಪ್_ಶಂಕರ
ನೆಕ್ ಬೀಳುತ್ತಿತ್ತು, ಹೇಳಿ ಪರವಾಗಿಲ್ಲ.

ಮಂದ್ರಸ್ಥಾಯಿ
ಬೀಳಲಿಲ್ಲ ಶಂಕರ್ ಸರ್.

ಕಾರಣ ಹೇಳುತ್ತೇನೆ. ಅದು ಒಳ್ಳೇ ಬೇಸ್, ಈಗ ಒಪ್ಪುತ್ತೇನೆ. ಆದರೆ ಅದು ಕೇಳುವ ಕೈ ನನ್ನ ಹತ್ತಿರ ಇಲ್ಲ. ನನ್ನ ಮುಂಗೈ ಪ್ರತಿ ಸಲ ಇಲ್ಲದ ನಾಬನ್ನು ಹುಡುಕುತ್ತಿತ್ತು. ನೆಕ್ ಹೊರುವುದು ಬೇಡವಾದಾಗ ಬಲ ಹೆಬ್ಬೆರಳು ಏನು ಮಾಡಬೇಕೋ ತಿಳಿಯದೆ ಸುಮ್ನೆ ನಿಂತಿತ್ತು. ವಾರಕ್ಕೆ ಎರಡು ಕಾರ್ಯಕ್ರಮ ಇರುತ್ತೆ, ಅದರ ಮಧ್ಯೆ ಎರಡು ಅಳತೆ ಕಲಿಯಲು ಈಗ ನನಗೆ ಆಗಲ್ಲ. 62 ಸಾವಿರ ಕೊಟ್ಟು ಮನೆಯಲ್ಲಿ ನೇತುಹಾಕಿದರೆ ಮತ್ತೆ ಟ್ರಂಕಿನ ಮುಚ್ಚಳವೇ ಆಯಿತಲ್ಲ. ಆ ದುಡ್ಡಿನಲ್ಲಿ ಎಡಗೈಯದ್ದೇ, 34 ಇಂಚಿನದ್ದೇ, ಉದ್ದ ಕೊಂಬು ಮೇಲಿರುವ ಮಾಮೂಲಿ ಬೇಸ್ ಹುಡುಕುತ್ತೇನೆ. ನೋಡಲು ಸಪ್ಪೆ ಇರುತ್ತೆ, ಇರಲಿ.

ಎಡಚಿ_ಅಂದ್ರೆ_ಎಡಚಿ
ಸರಿಯಾದ ನಿರ್ಧಾರ ಅಣ್ಣ. ಆದರೂ ನನಗೆ ಸಂಕಟ.

ಅಳತೆಪಟ್ಟಿ
ನೆಕ್ ಪಕ್ಕದಲ್ಲಿ ಫ್ರೆಟ್ ಗುರುತಿಸುವ ಚುಕ್ಕಿಗಳು ಅದರಲ್ಲಿ ನಿಮ್ಮ ಮುಖ ನೋಡುತ್ತವೆ. ಅದಕ್ಕೇ ದುಡ್ಡು ಕೊಡಬಹುದು.

ರಾಯಚೂರು_ರಿಫ್
ನಮಸ್ಕಾರ ಸರ್. ಎರಡು ವರ್ಷದಿಂದ ಇಲ್ಲಿ ಓದುತ್ತೇನೆ, ಬರೆಯುವುದು ಇದೇ ಮೊದಲು. ನಾನೂ ಎಡಗೈ. ಬೇಸ್ ಕಲಿಯಲು ಶುರು ಮಾಡಿ ನಾಲ್ಕು ತಿಂಗಳು, ಸ್ನೇಹಿತನ ಬಲಗೈ ಬೇಸ್ ತಿರುಗಿಸಿ ನುಡಿಸುತ್ತಿದ್ದೇನೆ. ನನ್ನ ಕೈ ಚಿಕ್ಕದು, 34 ಇಂಚು ಎಟುಕಲ್ಲ. ಆ ಬೇಸ್ ಇನ್ನೂ ಇದೆಯಾ? ಅಂಗಡಿ ಯಾವುದು ಅಂತ ಖಾಸಗಿಯಾಗಿ ಹೇಳುತ್ತೀರಾ?

ಮಂದ್ರಸ್ಥಾಯಿ
ಹೇಳಿದ್ದೇನೆ, ಸಂದೇಶ ನೋಡಿ. ಒಬ್ಬರೇ ಹೋಗಬೇಡಿ, ನಾನೂ ಬರುತ್ತೇನೆ. ಆಂಪ್ ಇಳಿಸಿ ಅಂತ ನೀವೇ ಕೇಳಬೇಕು, ನಾನು ಕೇಳಲ್ಲ.

ಸೋಲ್ಡರ್_ಸುಬ್ಬ
ಪಾಟ್ ನಾನು ಹಾಕಿಕೊಡುತ್ತೇನೆ. ದೋಸೆ ಎರಡಾಯಿತು.

ರಾಯಚೂರು_ರಿಫ್
ತಗೊಂಡೆ!! 57ಕ್ಕೆ ಕೊಟ್ಟರು, ಅದೂ ಮಂದ್ರಸ್ಥಾಯಿ ಸರ್ ಹಾಕಿದ್ದ ಹೊಸ ತಂತಿಗಳ ಸಮೇತ. ತಂತಿ ದುಡ್ಡು ಕೊಡುತ್ತೇನೆ ಅಂದರೆ ಸರ್ ತಗೊಳ್ಳಲಿಲ್ಲ. ಎಡಗೈಯಲ್ಲಿ ಕೊಟ್ಟಿದ್ದಕ್ಕೋ ಏನೋ.

ಬಸ್ಸಿನಲ್ಲಿ ರಾತ್ರಿಯಿಡೀ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಈಗ ಮನೆಯಲ್ಲಿ ಹಾಕಿದ್ದೇನೆ, ಸದ್ದು ತುಂಬಾ ಕಮ್ಮಿ ಬರುತ್ತಿದೆ. ಸರ್, ಆ ಮೂರನೇ ಸ್ವಿಚ್ ಯಾವ ಕಡೆ ಅಂದಿರಿ?

ಮಂದ್ರಸ್ಥಾಯಿ
ಸೋಲೋ.